ಬೈಂಡಿನಿಂದ ಹೊರಗುಳಿದ ಚಿತ್ರಗಳು: ಎಂ. ಟಿ. ವಿ. ಆಚಾರ್ಯರ ‘ಚಂದಮಾಮ’ ಮುಖಪುಟಗಳು

ಬೆಂಗಳೂರಿನ ವಿಜಯನಗರ, ರಾಜಾಜಿನಗರದ ಹಳೆಯ ಮನೆಗಳಲ್ಲಿ ಮಕ್ಕಳ ಪತ್ರಿಕೆ ‘ಚಂದಮಾಮ’ ಹುಡುಕಿಕೊಂಡು ಹೋದರೆ ಹೆಚ್ಚಾಗಿ ಸಿಗುವುದು ಬೈಂಡು ಮಾಡಿಸಿದ ಸಂಪುಟ. ಹೊಲಿಯುವ ಮುನ್ನ ಬೈಂಡಿನವರು ಮುಖಪುಟಗಳನ್ನು ಕಿತ್ತಿರುತ್ತಾರೆ. ನಾನು ನೋಡಿದ ಒಂದು ಸಂಪುಟದಲ್ಲಿ ಎರಡು ಸಂಚಿಕೆಗಳ ನಡುವೆ ಬೆರಳಗಲದ ಅಂಚೊಂದು ಉಳಿದಿತ್ತು: ಕೆಂಪು ಉತ್ತರೀಯದ ತುದಿ, ಅದರ ಮೇಲೆ ಹಳದಿ ಜರಿ. ನಮ್ಮ ಮಕ್ಕಳ ಸಾಹಿತ್ಯದ ಚರಿತ್ರೆಗಳು ಆ ಮುಖಪುಟಗಳ ಚಿತ್ರಕಾರ ಆಚಾರ್ಯರಿಗೆ (1920–1992) ಕೊಟ್ಟಿರುವ ಜಾಗವೂ ಹೆಚ್ಚುಕಡಿಮೆ ಅಷ್ಟೇ ಅಗಲದ್ದು. ಅಲ್ಲಿ ಕವಿಗಳಿದ್ದಾರೆ, ಕತೆಗಾರರಿದ್ದಾರೆ, ಚಿತ್ರ ಬರೆದವರಿಲ್ಲ.

ನಾಗಿರೆಡ್ಡಿ, ಚಕ್ರಪಾಣಿಯವರ ‘ಚಂದಮಾಮ’ 1947ರ ಜುಲೈನಲ್ಲಿ ಮದರಾಸಿನಿಂದ ತೆಲುಗು, ತಮಿಳಿನಲ್ಲಿ ಹೊರಟಿತು. ಕನ್ನಡಕ್ಕೆ ಬಂದದ್ದು 1949ರಲ್ಲಿ. ಮೈಸೂರು ಸೀಮೆಯ ಆಚಾರ್ಯರು ಅದಕ್ಕೆ ಬರೆದ ಮಹಾಭಾರತದ ಮುಖಪುಟಗಳು ಭಾಷೆಯ ಗಡಿ ದಾಟಿದವು: ಚಿತ್ರ ಒಂದೇ, ಬದಲಾಗುತ್ತಿದ್ದುದು ಮೇಲಿನ ಅಕ್ಷರ. ಇದರ ಪರಿಣಾಮವನ್ನು ನಾವು ಸರಿಯಾಗಿ ಗಮನಿಸಿಲ್ಲ. ನಮ್ಮ ಕಡೆಯ ಮಗು ಭೀಮನನ್ನು ಮೊದಲು ಕಂಡದ್ದು ಬಯಲಾಟದ ವೇಷದಲ್ಲಿ. ಆಂಧ್ರದ ಮಗು ಕಂಡ ವೇಷ ಬೇರೆ. ಇಬ್ಬರೂ ನೋಡಿದ ಕೂಡಲೇ ಗುರುತು ಹಿಡಿಯುವ ಭೀಮ ಯಾವುದೊಂದು ಮೇಳದ ಪೆಟ್ಟಿಗೆಯಿಂದಲೂ ಬರುವಂತಿರಲಿಲ್ಲ. ಆಚಾರ್ಯರು ಅವನನ್ನು ಮೈಕಟ್ಟಿನಿಂದಲೇ ಕಟ್ಟಿದರು. ಹೆಗಲು, ಬೆನ್ನು, ನೆಲಕ್ಕೂರಿದ ಕಾಲು ಮೊದಲು. ಕಿರೀಟ, ಭುಜಕೀರ್ತಿ ಆಮೇಲೆ. ಆಭರಣವನ್ನೆಲ್ಲ ಕಳಚಿಟ್ಟರೂ ಪಾತ್ರ ಯಾವುದೆಂದು ತಿಳಿಯುತ್ತದೆ ಎಂಬುದು ನನ್ನ ವಾದ.

ರವಿವರ್ಮನ ಋಣ ಇಲ್ಲಿ ಇದ್ದೇ ಇದೆ. ಆದರೆ ಮನೆಮನೆಯ ಗೋಡೆಗೆ ಬಂದ ಅವನ ಲಕ್ಷ್ಮಿ, ಸರಸ್ವತಿಯರು ಪೂಜೆ ಸ್ವೀಕರಿಸಲು ಸಿದ್ಧರಾಗಿ ನಮ್ಮತ್ತ ಮುಖ ಮಾಡಿರುತ್ತಾರೆ. ಆಚಾರ್ಯರ ವೀರರಿಗೆ ನಮ್ಮ ಗೊಡವೆಯಿಲ್ಲ. ಅವರು ಕತೆಯ ನಟ್ಟನಡುವೆ ಇದ್ದಾರೆ. ಮುಂದೇನಾಯಿತೆಂದು ತಿಳಿಯಲು ಮಗು ಪುಟ ತಿರುವಲೇಬೇಕು. ಮುಖಪುಟವೇ ಕತೆ ಹೇಳತೊಡಗಿದಾಗ ಅದನ್ನು ಬರೆದವನನ್ನು ಕತೆಗಾರ ಎನ್ನದಿರಲು ಕಾರಣ ನನಗೆ ಕಾಣುವುದಿಲ್ಲ.

ಮುಂದೆ ಬೆಂಗಳೂರಿನಲ್ಲಿ ಆಚಾರ್ಯ ಚಿತ್ರಕಲಾ ಭವನದಿಂದ ಅವರು ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಕಲಾಶಾಲೆಯೇ ಇಲ್ಲದ ಊರಿನ ಹುಡುಗರಿಗೆ ಅಂಚೆಯಣ್ಣನ ಚೀಲದಲ್ಲಿ ಪಾಠ ಬರುವಂತಾಯಿತು. ಈ ಶಿಷ್ಯಪರಂಪರೆ ಪ್ರತ್ಯೇಕ ಅಧ್ಯಯನಕ್ಕೇ ವಸ್ತುವಾಗಬಲ್ಲದು.

ನಾನು ಮೊದಲು ಹೇಳಿದ ಬೈಂಡು ಸಂಪುಟದ ಮನೆಯವರು ಕಿತ್ತ ಮುಖಪುಟಗಳಲ್ಲಿ ಒಂದನ್ನು ಎಸೆದಿರಲಿಲ್ಲ. ಗಾಜಿನ ಕಟ್ಟು ಹಾಕಿಸಿ, ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದ್ದರು. ಪತ್ರಿಕೆಯ ಹೆಸರು ಕಟ್ಟಿನೊಳಗೆ ಮಡಚಿಹೋಗಿತ್ತು. ಗಾಜಿನ ಮೇಲೆ, ಕೃಷ್ಣನ ಹಣೆಯ ನೇರಕ್ಕೆ, ಒಣಗಿದ ಕುಂಕುಮವಿತ್ತು.