ನಿರ್ದೇಶಕರ ಆಯ್ಕೆ: ವಿಜ್ಞಾನ ಸಂಸ್ಥೆಯ ಮೂರು ಪ್ರಸಂಗಗಳು

ಉನ್ನತ ವಿದ್ಯಾಸಂಸ್ಥೆಗೆ ಮುಖ್ಯಸ್ಥರನ್ನು ಆರಿಸುವಾಗ ಎಲ್ಲರ ಗಮನವೂ ಅಭ್ಯರ್ಥಿಯ ವಿದ್ವತ್ತಿನ ಮೇಲಿರುತ್ತದೆ. ವಿದ್ವತ್ತೊಂದೇ ಸಾಲದು ಎಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇತಿಹಾಸದಲ್ಲೇ ನಿದರ್ಶನಗಳಿವೆ.

ಜೆಮ್‌ಷೆಡ್‌ಜಿ ಟಾಟಾ ಅವರ ಯೋಜನೆಯನ್ನು ಪರಿಶೀಲಿಸಲು 1900ರಲ್ಲಿ ಭಾರತಕ್ಕೆ ಬಂದ ರಸಾಯನವಿಜ್ಞಾನಿ ವಿಲಿಯಂ ರ‍್ಯಾಮ್ಸೆ, ಸಂಸ್ಥೆಗೆ ಬೆಂಗಳೂರು ತಕ್ಕ ಸ್ಥಳವೆಂದು ಸೂಚಿಸಿದರು. ಅವರೊಡನೆ 1898ರಲ್ಲಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಅನಿಲಗಳನ್ನು ಪತ್ತೆಹಚ್ಚಿದ್ದ ಮೋರಿಸ್ ಟ್ರಾವರ್ಸ್ 1906ರಲ್ಲಿ ಮೊದಲ ನಿರ್ದೇಶಕರಾದರು. 1911ರಲ್ಲಿ ವಿದ್ಯಾರ್ಥಿಗಳು ಸೇರಿದರು. ಆದರೆ ಆಡಳಿತ ಮಂಡಳಿಯೊಡನೆ ಭಿನ್ನಾಭಿಪ್ರಾಯ ಬೆಳೆದು, 1914ರಲ್ಲಿ ಟ್ರಾವರ್ಸ್ ಹುದ್ದೆ ತೊರೆದರು.

1933ರಲ್ಲಿ ಸಿ. ವಿ. ರಾಮನ್ ಮೊದಲ ಭಾರತೀಯ ನಿರ್ದೇಶಕರಾದರು. ನೊಬೆಲ್ ಪ್ರಶಸ್ತಿ ಪಡೆದು ಆಗ ಮೂರೇ ವರ್ಷ. ಹಿಟ್ಲರನ ಜರ್ಮನಿ ಯೆಹೂದಿ ವಿಜ್ಞಾನಿಗಳನ್ನು ಹೊರದೂಡುತ್ತಿದ್ದ ಕಾಲವದು. ಅವರಲ್ಲೊಬ್ಬರಾದ ಮ್ಯಾಕ್ಸ್ ಬಾರ್ನ್ 1935ರಲ್ಲಿ ಬೆಂಗಳೂರಿಗೆ ಬಂದರು. ಅವರಿಗೆ ಕಾಯಂ ಪ್ರಾಧ್ಯಾಪಕ ಹುದ್ದೆ ಕೊಡಿಸಲು ರಾಮನ್ ಯತ್ನಿಸಿದರೂ ಸಂಸ್ಥೆಯೊಳಗೇ ವಿರೋಧ ಎದ್ದಿತು. ಬಾರ್ನ್ 1936ರಲ್ಲಿ ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಪಡೆದರು. ಭೌತವಿಜ್ಞಾನ ವಿಭಾಗಕ್ಕೆ ಹೆಚ್ಚಿನ ಹಣ ಹೋಗುತ್ತಿದೆ ಎಂಬ ಆಕ್ಷೇಪವೂ ಸೇರಿ, ಇರ್ವಿನ್ ಸಮಿತಿಯ ಪರಿಶೀಲನೆ ನಡೆಯಿತು. 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನ ಬಿಟ್ಟರು. ಪ್ರಾಧ್ಯಾಪಕರಾಗಿ 1948ರವರೆಗೆ ಅಲ್ಲೇ ಮುಂದುವರಿದರು.

1962ರಲ್ಲಿ ನಿರ್ದೇಶಕರಾದ ಸತೀಶ್ ಧವನ್ ಹೊರಗಿನಿಂದ ಬಂದವರಲ್ಲ. 1951ರಲ್ಲೇ ಸಂಸ್ಥೆ ಸೇರಿ, ವೈಮಾನಿಕ ಎಂಜಿನಿಯರಿಂಗ್ ವಿಭಾಗವನ್ನು ಬೆಳೆಸಿದ್ದರು. ಸಂಸ್ಥೆಯ ಶಕ್ತಿ, ದೌರ್ಬಲ್ಯಗಳೆರಡೂ ಅವರಿಗೆ ಗೊತ್ತಿದ್ದವು. 1971ರ ಡಿಸೆಂಬರಿನಲ್ಲಿ ವಿಕ್ರಂ ಸಾರಾಭಾಯಿ ನಿಧನರಾದಾಗ ಧವನ್ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿದ್ದರು. ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ಹೊರುವಂತೆ ಪ್ರಧಾನಿ ಇಂದಿರಾ ಗಾಂಧಿ ಆಹ್ವಾನಿಸಿದಾಗ, ತಾವು ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯಬೇಕು, ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂದು ಕೇಳಿದರು. ಸರ್ಕಾರ ಒಪ್ಪಿತು. 1972ರಿಂದ ಎರಡೂ ಹೊಣೆಗಳನ್ನು ಹೊತ್ತ ಅವರು 1981ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದರು.

ಪ್ರತಿಭೆಯಲ್ಲಿ ರಾಮನ್ ಯಾರಿಗೂ ಕಡಿಮೆಯಲ್ಲ. ಆದರೆ ನಿರ್ದೇಶಕರ ಅಧಿಕಾರ ಎಷ್ಟು, ಮಂಡಳಿಯದೆಷ್ಟು, ಹಣ ಯಾವುದಕ್ಕೆ ಎಂಬ ಪ್ರಶ್ನೆಗಳು ನೇಮಕದ ಬಳಿಕ ಎದ್ದರೆ ಅವು ಜಗಳವಾಗುತ್ತವೆ. ಮೊದಲೇ ಎದ್ದರೆ ಒಪ್ಪಂದವಾಗುತ್ತವೆ. ಬೆಂಗಳೂರು ಬಾರ್ನ್ ಅವರನ್ನು ಕಳೆದುಕೊಂಡಿತು, ಇಸ್ರೋ ಕೇಂದ್ರ ಕಚೇರಿಯನ್ನು ಪಡೆಯಿತು. ಕುಲಪತಿಗಳನ್ನೋ ನಿರ್ದೇಶಕರನ್ನೋ ಹುಡುಕುವ ಸಮಿತಿಗಳು ಈ ಎರಡನ್ನೂ ನೆನಪಿನಲ್ಲಿಡುವುದು ಒಳ್ಳೆಯದು.