ಕೆಜಿಎಫ್: ಚಿನ್ನಕ್ಕೆ ಲೆಕ್ಕ ಇದೆ, ನಮ್ಮವರಿಗೆ?

ಕೆಜಿಎಫ್ ಅಂದ್ರೆ ಈಗ ಸಿನಿಮಾ. ನಮಗದು ನಮ್ಮವರ ಚರಿತ್ರೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಗಣಿಗೆ ಇಳಿದವರು ಯಾರು? ಬಹುಪಾಲು ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ದಲಿತರು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದರು. ಬಂಡೆ ಸಿಡಿದು ಸತ್ತರು, ಕಲ್ಲುಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತರು. 1902ರಲ್ಲಿ ಶಿವನಸಮುದ್ರದ ಕರೆಂಟು ಗಣಿಗೆ ಬಂತು. ಕೂಲಿಗಳು ಇದ್ದದ್ದು ತಟ್ಟಿ ಗುಡಿಸಲಲ್ಲಿ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನಾನು ಹೋಗಿ ನೋಡಿದೆ. ಬಿಳಿಯರ ಗೋರಿಗಳ ಮೇಲೆ ಹೆಸರು, ಇಸವಿ ಕೆತ್ತಿದ ಕಲ್ಲುಗಳಿವೆ. ನಮ್ಮವರನ್ನ ಹೂತ ಕಡೆ ಎಷ್ಟೋ ದಿಬ್ಬಗಳ ಮೇಲೆ ಬರೀ ಮುಳ್ಳುಗಿಡ. ಎದುರಿಗೆ ಸೈನೈಡ್ ಗುಡ್ಡ. ಅದರ ಮಣ್ಣೆಲ್ಲ ನಮ್ಮವರು ಅಗೆದು ಮೇಲೆ ತಂದದ್ದೇ.

ಗಣಿಗಿಳಿದ ತಾತ ನಿಮ್ಮ ಮನೇಲಿದ್ರೆ ಹೆಸರು, ಊರು, ಯಾವ ಶಾಫ್ಟು ಅಂತ ಇವತ್ತೇ ಬರೆದಿಡಿ. ನಾವು ಬರೆಯದಿದ್ರೆ ಯಾರೂ ಬರೆಯಲ್ಲ.

ಜೈಭೀಮ್.