ಎಂಜಿನಿಯರಿಂಗ್ ವ್ಯಾಸಂಗ: ಕರ್ನಾಟಕದಲ್ಲಿ ಆಯ್ಕೆಯ ದಾರಿ

ಪಿಯುಸಿಯ ನಂತರ ನಾಲ್ಕು ವರ್ಷ, ಎಂಟು ಸೆಮಿಸ್ಟರುಗಳಲ್ಲಿ ಮುಗಿಯುವ ಬಿ.ಇ. ಅಥವಾ ಬಿ.ಟೆಕ್. ಪದವಿ ಭಾರತದಲ್ಲಿ ಎಂಜಿನಿಯರ್ ವೃತ್ತಿಗೆ ಮುಖ್ಯ ದಾರಿ. ಕರ್ನಾಟಕದ ವಿದ್ಯಾರ್ಥಿ ಇದನ್ನು ಎರಡು ಹಂತಗಳಲ್ಲಿ ಆರಿಸಿಕೊಳ್ಳುತ್ತಾನೆ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆ ಜೀವಶಾಸ್ತ್ರವೋ (ಪಿಸಿಎಂಬಿ) ಕಂಪ್ಯೂಟರ್ ಸೈನ್ಸೋ (ಪಿಸಿಎಂಸಿ) ಎಂದು ಕಾಂಬಿನೇಷನ್ ತೀರ್ಮಾನವಾಗುತ್ತದೆ. ಎರಡು ವರ್ಷಗಳ ಬಳಿಕ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ರ‍್ಯಾಂಕು ಬಂದಾಗ ಕಾಲೇಜು, ಬ್ರಾಂಚು ತೀರ್ಮಾನವಾಗುತ್ತವೆ. ಎರಡೂ ಸಲ ಮನೆಯಲ್ಲಿ ನಡೆಯುವ ಚರ್ಚೆ ಅಂಕ, ಕಟಾಫ್, ಫೀಸು, ಹಾಸ್ಟೆಲಿನ ಸುತ್ತಲೇ. ಆ ಬ್ರಾಂಚು ಓದಿದವರು ದಿನವಿಡೀ ಏನು ಕೆಲಸ ಮಾಡುತ್ತಾರೆ ಎಂಬ ಪ್ರಶ್ನೆ ಏಳುವುದು ಅಪರೂಪ. ಈ ಆಯ್ಕೆಯ ದೊಡ್ಡ ಕೊರತೆ ಇದೇ.

ಹಿನ್ನೆಲೆ

ದೇಶದಲ್ಲಿ ಎಂಜಿನಿಯರಿಂಗ್ ಶಿಕ್ಷಣ ಹುಟ್ಟಿದ್ದು ಕಾಲುವೆ, ರಸ್ತೆ, ಸೇತುವೆಗಳ ಅಗತ್ಯದಿಂದ. ಗಂಗಾ ಕಾಲುವೆಯ ಕೆಲಸಕ್ಕೆ ತರಬೇತಾದ ಜನ ಬೇಕಾಗಿದ್ದ ಕಾಲದಲ್ಲಿ, 1847ರಲ್ಲಿ, ರೂರ್ಕಿಯ ಕಾಲೇಜು ಆರಂಭವಾಯಿತು. ಆಗ ಮೈಸೂರು ಸಂಸ್ಥಾನದಲ್ಲಿ ಇಂಥ ಕಾಲೇಜು ಇರಲಿಲ್ಲ. ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯ ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ, ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಬೇಕಾಯಿತು. ಮುಂದೆ ಅವರೇ ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಇಂದಿನ ಯುವಿಸಿಇ ಅದೇ. 1946ರಲ್ಲಿ ಮೈಸೂರಿನ ಎನ್‌ಐಇ ಮತ್ತು ಬೆಂಗಳೂರಿನ ಬಿ.ಎಂ.ಎಸ್. ಕಾಲೇಜು, 1947ರಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ., 1960ರಲ್ಲಿ ಸುರತ್ಕಲ್‌ನ ಕೆಆರ್‌ಇಸಿ (ಇಂದಿನ ಎನ್‌ಐಟಿಕೆ) ಬಂದವು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ನಂಥ ಸಾರ್ವಜನಿಕ ಉದ್ದಿಮೆಗಳು ಬೆಂಗಳೂರಿನಲ್ಲಿ ನೆಲೆಯೂರಿದ ಕಾಲದಲ್ಲಿ ಈ ಕಾಲೇಜುಗಳ ಪದವೀಧರರಿಗೆ ಕೆಲಸ ಹತ್ತಿರದಲ್ಲೇ ಇತ್ತು.

ನಂತರದ ದಶಕಗಳಲ್ಲಿ ಖಾಸಗಿ ಕಾಲೇಜುಗಳು ಊರೂರಿಗೆ ಹಬ್ಬಿದವು, ಅವುಗಳೊಂದಿಗೆ ಡೊನೇಷನ್ ಹಾವಳಿಯೂ ಬೆಳೆಯಿತು. ಅದನ್ನು ತಡೆಯಲು ರಾಜ್ಯ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯಿದೆ ತಂದಿತು. ಸೀಟು ಹಂಚಿಕೆಗೆ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದದ್ದು 1994ರಲ್ಲಿ. ಬಡ ಮನೆಯ ಮಗು ಯಾರ ಶಿಫಾರಸೂ ಇಲ್ಲದೆ ಒಳ್ಳೆಯ ಕಾಲೇಜಿಗೆ ಕಾಲಿಡಲು ಈ ಪರೀಕ್ಷೆ ಮಾಡಿಕೊಟ್ಟ ಅವಕಾಶ ಸಣ್ಣದಲ್ಲ. 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಟ್ಟುಕೊಂಡು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಸ್ಥಾಪನೆಯಾಯಿತು.

ಸೀಟು ಸಿಗುವ ಬಗೆ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಕ್ಕೆ ತಲಾ 60 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ರ‍್ಯಾಂಕು ಲೆಕ್ಕ ಹಾಕುವಾಗ ಸಿಇಟಿಗೆ ಅರ್ಧ ತೂಕ, ಈ ಮೂರು ವಿಷಯಗಳ ದ್ವಿತೀಯ ಪಿಯುಸಿ ಅಂಕಗಳಿಗೆ ಇನ್ನರ್ಧ ತೂಕ. ಹೀಗಾಗಿ ಕೋಚಿಂಗ್‌ನ ಭರದಲ್ಲಿ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸಿದವರ ರ‍್ಯಾಂಕು ಹಿಂದೆ ಬೀಳುತ್ತದೆ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತ್ಯೇಕ ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಸಿಗುತ್ತದೆ. ಇವುಗಳಿಗೆ ಬೇಕಾದ ಪ್ರಮಾಣಪತ್ರಗಳನ್ನು ಶಾಲೆಯಿಂದ, ತಾಲ್ಲೂಕು ಕಚೇರಿಯಿಂದ ಮೊದಲೇ ಪಡೆದಿಟ್ಟುಕೊಳ್ಳದೆ ಸೌಲಭ್ಯ ಕಳೆದುಕೊಳ್ಳುವವರನ್ನು ನೋಡಿದರೆ ನಿಜಕ್ಕೂ ನೋವಾಗುತ್ತದೆ.

ಖಾಸಗಿ ಕಾಲೇಜುಗಳ ಸೀಟುಗಳಲ್ಲಿ ಒಂದು ಪಾಲು ಕೆಇಎ ಮೂಲಕ, ಒಂದು ಪಾಲು ಕಾಮೆಡ್‌-ಕೆ ಪರೀಕ್ಷೆಯ ಮೂಲಕ, ಉಳಿದದ್ದು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ತುಂಬುತ್ತದೆ. ಒಂದೇ ಬೆಂಚಿನಲ್ಲಿ ಕೂತ ಮೂವರು ಮೂರು ಬಗೆಯ ಫೀಸು ಕಟ್ಟಿರಬಹುದು. ಸುರತ್ಕಲ್‌ನ ಎನ್‌ಐಟಿಕೆಗೆ ಜೆಇಇ ಮೇನ್, ಧಾರವಾಡದ ಐಐಟಿಗೆ ಜೆಇಇ ಅಡ್ವಾನ್ಸ್ಡ್ ಬರೆಯಬೇಕು.

ನಿಜವಾದ ಆಯ್ಕೆ ನಡೆಯುವುದು ಬೇಕಾದ ಸೀಟುಗಳನ್ನು ಇಷ್ಟದ ಕ್ರಮದಲ್ಲಿ ಕೆಇಎಗೆ ತಿಳಿಸುವ ಆಪ್ಷನ್ ಎಂಟ್ರಿಯಲ್ಲಿ. ಪ್ರತಿ ಕಾಲೇಜಿಗೊಂದು ಸಂಖ್ಯೆ, ಪ್ರತಿ ಬ್ರಾಂಚಿಗೊಂದು ಎರಡಕ್ಷರದ ಕೋಡು. ಮನೆಯವರೆಲ್ಲ ಹಾಳೆಯ ಮೇಲೆ ಪಟ್ಟಿ ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಸೈಬರ್ ಸೆಂಟರಿನಲ್ಲೋ ಮೊಬೈಲಿನಲ್ಲೋ ನಮೂದಿಸುತ್ತಾರೆ. ಕಂಪ್ಯೂಟರ್ ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಕ್ಕೆ ನೋಡುತ್ತ, ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತದೆ. ಐದನೆಯ ಆಪ್ಷನ್ ಸಿಕ್ಕಿತೆಂದರೆ ಆರನೆಯದರಿಂದ ಕೆಳಗಿನವು ಮುಂದಿನ ಸುತ್ತಿಗೆ ಇರುವುದಿಲ್ಲ. ಆದ್ದರಿಂದ ಕಳೆದ ವರ್ಷದ ಕಟಾಫ್ ನೋಡಿ ಹೆದರಿ, ಇಷ್ಟದ ಸೀಟನ್ನು ಕೆಳಗೆ ಹಾಕುವುದು ತಪ್ಪು. ಸಿಗದ ಆಪ್ಷನ್ ಮೇಲಿದ್ದರೆ ನಷ್ಟವೇನೂ ಇಲ್ಲ. ಬೇಡದ ಆಪ್ಷನ್ ಮೇಲಿದ್ದರೆ ಅದೇ ಸಿಗುತ್ತದೆ. ಅಣಕು ಹಂಚಿಕೆ, ಅಂದರೆ ಮಾಕ್ ಅಲಾಟ್‌ಮೆಂಟ್ ಬಂದ ಮೇಲೆ ಪಟ್ಟಿ ತಿದ್ದಲು ಒಂದು ಅವಕಾಶ ಇರುತ್ತದೆ, ಅದನ್ನು ಬಳಸಿಕೊಳ್ಳಬೇಕು. ಸೀಟು ಹಂಚಿಕೆಯಾದಾಗ ಒಪ್ಪಿ ಸೇರುವುದು, ಸೀಟನ್ನು ಉಳಿಸಿಕೊಂಡು ಮೇಲಿನದಕ್ಕೆ ಕಾಯುವುದು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು ಎಂಬ ನಾಲ್ಕು ‘ಚಾಯ್ಸ್’ಗಳಲ್ಲಿ ಒಂದನ್ನು ಆರಿಸಬೇಕು.

ಬ್ರಾಂಚು ಮತ್ತು ಕೆಲಸ

ಕಂಪ್ಯೂಟರ್ ಸೈನ್ಸ್ ಬೇಕೆನ್ನುವವರು ಹೆಚ್ಚಿ, ಸಿವಿಲ್ ಮತ್ತು ಮೆಕ್ಯಾನಿಕಲ್ ಸೀಟುಗಳು ಹಲವು ಕಾಲೇಜುಗಳಲ್ಲಿ ಖಾಲಿ ಉಳಿಯುತ್ತಿವೆ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ, ಅಲ್ಲಿನ ಸಂಬಳ ಇದಕ್ಕೆ ಕಾರಣ. ಪೋಷಕರ ಆಸೆಯಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ಸಾಫ್ಟ್‌ವೇರ್ ಕೆಲಸವೆಂದರೆ ಹೊಸ ಆ್ಯಪ್ ಕಟ್ಟುವುದಷ್ಟೇ ಅಲ್ಲ. ಬೇರೆಯವರು ಬರೆದ ಕೋಡನ್ನು ಓದಿ ಅರ್ಥ ಮಾಡಿಕೊಳ್ಳುವುದು, ದೋಷ ಎಲ್ಲಿದೆಯೆಂದು ಗಂಟೆಗಟ್ಟಲೆ ಹುಡುಕುವುದು, ತನ್ನ ಕೋಡನ್ನು ಸಹೋದ್ಯೋಗಿಗಳ ಪರಿಶೀಲನೆಗೆ ಒಡ್ಡುವುದು ಇದರ ದೊಡ್ಡ ಭಾಗ. ಇಂಥ ಹುಡುಕಾಟದಲ್ಲಿ ಸುಖ ಕಾಣುವವರಿಗೆ ಇದು ಸೊಗಸಾದ ವೃತ್ತಿ. ಈಚೆಗೆ ಬಂದಿರುವ ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್ ಬ್ರಾಂಚುಗಳ ತಳಪಾಯವೂ ಗಣಿತ, ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್‌ಗಳೇ. ಬ್ರಾಂಚಿನ ಹೆಸರಿಗಿಂತ ಈ ವಿಷಯಗಳನ್ನು ಅಲ್ಲಿ ಯಾರು, ಹೇಗೆ ಕಲಿಸುತ್ತಾರೆ ಎಂಬುದು ಮುಖ್ಯ.

ಸಿವಿಲ್ ಕೆಲಸದ ರೀತಿ ಬೇರೆ. ಕಾಂಕ್ರೀಟ್ ಹಾಕುವ ದಿನ ಸೈಟ್ ಎಂಜಿನಿಯರ್ 150 ಮಿ.ಮೀ. ಅಳತೆಯ ಅಚ್ಚುಗಳಿಗೆ ಅದೇ ಕಾಂಕ್ರೀಟನ್ನು ತುಂಬಿಸಿಡುತ್ತಾಳೆ. ಮರುದಿನ ಅಚ್ಚು ಬಿಚ್ಚಿ ಕ್ಯೂಬುಗಳನ್ನು ನೀರಿನಲ್ಲಿ ಮುಳುಗಿಸಿಟ್ಟು, 7ನೇ ಮತ್ತು 28ನೇ ದಿನ ಯಂತ್ರದ ನಡುವೆ ಇಟ್ಟು ಒಡೆಯುವ ತನಕ ಒತ್ತುತ್ತಾರೆ. ಎಂ20 ಎಂಬ ದರ್ಜೆ 28 ದಿನಕ್ಕೆ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಾಳುವ ಶಕ್ತಿಯನ್ನು ಸೂಚಿಸುತ್ತದೆ. ಫಲಿತಾಂಶ ಕಡಿಮೆ ಬಂದರೆ ಅಷ್ಟರಲ್ಲಿ ಮೇಲಿನ ಸ್ಲ್ಯಾಬ್ ಎದ್ದಿರುತ್ತದೆ, ಉತ್ತರ ಹೇಳಬೇಕಾದವಳು ಅವಳೇ. ಬಿಸಿಲು, ಧೂಳು, ಗುತ್ತಿಗೆದಾರರ ಒತ್ತಡ, ಆರಂಭದಲ್ಲಿ ಕಡಿಮೆ ಸಂಬಳ ಎಲ್ಲವೂ ಇವೆ. ಜನ ನಂಬಿ ಮಲಗುವ ಮನೆ, ದಾಟುವ ಸೇತುವೆ ಈ ಕೈಗಳಿಂದಲೇ ಆಗಬೇಕು. ಈ ಬ್ರಾಂಚಿಗೆ ಬರುವವರು ಕಡಿಮೆಯಾಗುತ್ತಿರುವುದು ನಾಡಿಗೆ ಆಗುತ್ತಿರುವ ನಷ್ಟ.

ಎಲೆಕ್ಟ್ರಾನಿಕ್ಸ್ ಓದಿದವರಿಗೆ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸ ಮತ್ತು ಅದರ ಪರಿಶೀಲನೆಯ ಕೆಲಸಗಳಿವೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದ ಕಾಲದಿಂದ ಈ ಕ್ಷೇತ್ರ ಬೆಳೆದಿದೆ. ಎಲೆಕ್ಟ್ರಿಕಲ್‌ನವರು ವಿದ್ಯುತ್ ಉಪಕೇಂದ್ರ, ಪ್ರಸರಣ, ಸೌರವಿದ್ಯುತ್ ಕಡೆ ಹೋಗುತ್ತಾರೆ. ಮೆಕ್ಯಾನಿಕಲ್‌ಗೆ ಪೀಣ್ಯದಂಥ ಕೈಗಾರಿಕಾ ಪ್ರದೇಶ, ವಾಹನ, ವಿಮಾನ ಉದ್ಯಮಗಳಿವೆ.

ಕಾಲೇಜು, ಉದ್ಯೋಗ

ವೈದ್ಯರಂತೆ, ವಾಸ್ತುಶಿಲ್ಪಿಗಳಂತೆ ಎಂಜಿನಿಯರುಗಳೆಲ್ಲರೂ ಕಾನೂನಿನಡಿ ನೋಂದಾಯಿಸಿಕೊಳ್ಳುವ ರಾಷ್ಟ್ರೀಯ ವ್ಯವಸ್ಥೆ ಭಾರತದಲ್ಲಿಲ್ಲ. ಹಾಗಾಗಿ ಪದವಿ ಎಲ್ಲಿಯದು ಎಂಬುದಕ್ಕೆ ಹೆಚ್ಚು ಬೆಲೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಅನುಮೋದನೆ ಕನಿಷ್ಠ ಷರತ್ತು. ನ್ಯಾಕ್ ಶ್ರೇಣಿ ಇಡೀ ಕಾಲೇಜಿಗೆ ಸಿಗುವಂಥದ್ದು. ಎನ್‌ಬಿಎ ಮಾನ್ಯತೆ ಬ್ರಾಂಚು ಬ್ರಾಂಚಿಗೆ ಬೇರೆ ಬೇರೆ. ಒಂದೇ ಕಾಲೇಜಿನ ಒಂದು ವಿಭಾಗಕ್ಕೆ ಅದು ಇದ್ದು ಪಕ್ಕದ ವಿಭಾಗಕ್ಕೆ ಇಲ್ಲದಿರಬಹುದು. ಪ್ಲೇಸ್‌ಮೆಂಟ್ ಜಾಹೀರಾತಿನಲ್ಲಿ ಕಾಣುವುದು ಯಾರೋ ಒಬ್ಬರಿಗೆ ಸಿಕ್ಕ ಗರಿಷ್ಠ ಪ್ಯಾಕೇಜು. ಆ ಬ್ರಾಂಚಿನಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ನಡುವಿನ ವಿದ್ಯಾರ್ಥಿಗೆ ಎಷ್ಟು ಸಂಬಳ ಬಂತು ಎಂದು ಕೇಳಬೇಕು. ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಮಾತಾಡಿಸಿದರೆ ಲ್ಯಾಬಿನ, ಮೇಷ್ಟ್ರುಗಳ ಸ್ಥಿತಿ ತಿಳಿಯುತ್ತದೆ. ಖಾಸಗಿ ಕೆಲಸವೊಂದೇ ದಾರಿಯಲ್ಲ. ಗೇಟ್ ಪರೀಕ್ಷೆಯ ಅಂಕದ ಮೇಲೆ ಎಂ.ಟೆಕ್. ಹಾಗೂ ಕೆಲವು ಸಾರ್ವಜನಿಕ ಉದ್ದಿಮೆಗಳ ನೌಕರಿ ಸಿಗುತ್ತವೆ. ರಾಜ್ಯದ ಇಲಾಖೆಗಳು ಸಹಾಯಕ ಎಂಜಿನಿಯರುಗಳನ್ನು ನೇಮಿಸಿಕೊಳ್ಳುತ್ತವೆ.

ಮೊದಲ ವರ್ಷದಲ್ಲಿ ಎಡವುವವರಲ್ಲಿ ಅನೇಕರಿಗೆ ತೊಡಕಾಗುವುದು ಗಣಿತ ಮತ್ತು ಇಂಗ್ಲಿಷ್. ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಎಐಸಿಟಿಇ 2021ರಲ್ಲಿ ಅವಕಾಶ ಕೊಟ್ಟಿತಾದರೂ ಕನ್ನಡದ ಸೀಟುಗಳಿಗೆ ವಿದ್ಯಾರ್ಥಿಗಳು ಬರಲಿಲ್ಲ. ಕಂಪನಿಗಳು ಇಂಗ್ಲಿಷ್ ಕೇಳುವಾಗ ಅದು ಸಹಜವೇ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಎರಡು ಸೆಮಿಸ್ಟರುಗಳಲ್ಲಿ ಕನ್ನಡದಲ್ಲೂ ವಿವರಿಸುವ ಮೇಷ್ಟ್ರು ಸಿಕ್ಕರೆ ಬ್ಯಾಕ್‌ಲಾಗ್ ಉಳಿಯುವುದು ಎಷ್ಟೋ ತಪ್ಪುತ್ತದೆ.

ಎಸ್ಸೆಸ್ಸೆಲ್ಸಿ ನಂತರ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಡಿಪ್ಲೊಮಾ ಓದಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಲ್ಯಾಟರಲ್ ಎಂಟ್ರಿಯೂ ಇದೆ. ಲೇತ್, ವೈರಿಂಗ್, ಸರ್ವೆ ಉಪಕರಣಗಳನ್ನು ಹದಿನಾರನೇ ವಯಸ್ಸಿಗೇ ಕೈಯಲ್ಲಿ ಹಿಡಿಯುವ ಈ ಮಕ್ಕಳಿಗೆ ಬ್ರಾಂಚು ಆರಿಸುವ ಹೊತ್ತಿಗೆ ಕೆಲಸದ ಪರಿಚಯ ಆಗಿರುತ್ತದೆ. ಹಣದ ಅಡಚಣೆ ಬಂದು ಮುಂದೆ ಓದಲಾಗದಿದ್ದರೂ ಡಿಪ್ಲೊಮಾದ ಮೇಲೆ ಜೂನಿಯರ್ ಎಂಜಿನಿಯರ್ ಹುದ್ದೆಗಳಿಗೆ ಅರ್ಜಿ ಹಾಕಬಹುದು.